ಬಾರಿಸಿದಂಗ

“ಬಾರಿಸೋದು ಕಲಿಸಬ್ಯಾಡೋ ಅತೀಕ. ಬಾರಿಸಿದಂಗ ಕಾಣೋದು ಕಲಿಸಿದ್ರ ಸಾಕು” ಎಂದ ಜೋಯಲ್.

ಬೊಲೆರೋದ ಕೆಳಗಿನಿಂದ ಅತೀಕ ಮೊದಲು ಕಾಲು, ಆಮೇಲೆ ಹೊಟ್ಟೆ, ಕಡೆಗೆ ಮುಖ ಹೊರಗೆ ತಂದ. ದಾಂಡೇಲಿಯ ಇದೇ ಗ್ಯಾರೇಜಿನಲ್ಲಿ ಇಬ್ಬರೂ ಒಂಬತ್ತು ವರ್ಷ ಬ್ಯಾಂಡ್ ಕಟ್ಟಿ ಕುಣಿದವರು. ಜೋಯಲ್‌ದು ಗಿಟಾರು, ಹಾಡು, ಅತೀಕನದು ಡ್ರಮ್ಸು. ಅಣೆಕಟ್ಟಿನ ನೀರಲ್ಲಿ ಮುಳುಗಿದ ಸೂಪಾ ಊರಿನ ಮೇಲೆ ಇಬ್ಬರೂ ಸೇರಿ ಕಟ್ಟಿದ ಹಾಡು ಹತ್ತೊಂಬತ್ತು ನಿಮಿಷದ್ದು. ಏಳರ ತಾಳದಲ್ಲಿ ಹೊರಟು, ಐದಕ್ಕೆ ಇಳಿದು, ಮತ್ತೆ ಏಳಕ್ಕೆ ಹತ್ತುತ್ತಿತ್ತು. ಹಳಿಯಾಳದ ಮದುವೆಯೊಂದರಲ್ಲಿ ಅದು ಮುಗಿಯುವಷ್ಟರಲ್ಲಿ ಎರಡು ಪಂಕ್ತಿ ಊಟ ಎದ್ದಿತ್ತು. ಕೇಳಿದವರು ಓಡಿದರೂ ಇವರಿಬ್ಬರು ಓಡಿರಲಿಲ್ಲ. ಈಗ ಜೋಯಲ್ ಒಬ್ಬನೇ ಮುಂಬೈಗೆ ಹೋಗಿ ಸೋಲೋ ಆಲ್ಬಮ್ ಮಾಡಿಕೊಂಡು ಬಂದಿದ್ದ. ವಿಡಿಯೋ ಶೂಟಿಂಗಿಗೆ ಕರೆದೇ ಕರೆಯುತ್ತಾನೆಂದು ಅತೀಕ ಹೊಸ ಅಂಗಿ ಹೊಲಿಸಿ ಇಟ್ಟಿದ್ದ.

“ಯಾರಿಗೆ ಕಲಿಸೋದು?”

ಜೋಯಲ್‌ನ ಬೆನ್ನ ಹಿಂದಿನಿಂದ ಅವನ ಊರಿನವನೇ ಆದ ರೋಹಿದಾಸ ಹಲ್ಲು ಕಿರಿದ. ಜೋಯಲ್‌ನಂತೆ ಅವನೂ ಆಫ್ರಿಕಾ ಮೂಲದ ಸಿದ್ದಿ. ಕುಂಬಾರವಾಡದ ಕಡೆ ಗೌಂಡಿ ಕೆಲಸ. ಉಗುರಿನಲ್ಲಿ ಸಿಮೆಂಟು ಇನ್ನೂ ಹಸಿಯಾಗಿತ್ತು.

“ಇವನಿಗಾ? ಜನ್ಮದಾಗ ಡ್ರಮ್ ಮುಟ್ಯಾನೇನು?”

“ಮುಟ್ಟೇನ್ರಿ ಉಸ್ತಾದ್, ನೀರಿಂದು” ಎಂದ ರೋಹಿದಾಸ.

ಅತೀಕ ನಗಲಿಲ್ಲ. “ನನಗೇನಾಗೈತೋ ಜೋಯಲ್? ಕೈ ಮುರದಾವೇನು?”

“ಪ್ರೊಡ್ಯೂಸರ್ ನಿನ್ನ ಫೋಟೋ ನೋಡಿದ. ಡ್ರಮ್ಮಿನ ಮುಂದನೂ ಸಿದ್ದಿ ಹುಡುಗನ ಬೇಕಂತ. ನೀ ಮೆಕ್ಯಾನಿಕ್ ಕಂಡಂಗ ಕಾಣಸ್ತಿ ಅಂದ.”

“ಮೆಕ್ಯಾನಿಕ್ ಮತ್ತ ಕಲೆಕ್ಟರ್ ಕಂಡಂಗ ಕಾಣಬೇಕೇನಲೇ?”

“ನಿನ್ನ ಡ್ರಮ್ ಸೆಟ್ ಅಷ್ಟ ಕೊಡು ದೋಸ್ತ. ನಾಳೆ ಸಂಜೀಕ ವಾಪಸ್ ತರ್ತೇನಿ.”

“ವಾ! ಹೀರೋನ ಬಿಟ್ಟು ಅವನ ಕುದರಿ ಬುಕ್ ಮಾಡ್ಯಾರ” ಎಂದ ಅತೀಕ. “ಹಚ್ಚು ಹಾಡು, ಕೇಳೂಣು.”

ಬೊಲೆರೋದ ಸ್ಪೀಕರಿನಲ್ಲಿ ಹಾಡು ಬಂತು. ರಾಗ ಅದೇ, ಸೂಪಾದ್ದೇ. ಆದರೆ ತಾಳ ನಾಲ್ಕರದು, ರಿಸಾರ್ಟಿನಲ್ಲಿ ಕುಡಿದವನೂ ತಪ್ಪದೆ ಚಪ್ಪಾಳೆ ತಟ್ಟುವಂಥದ್ದು. ಅತೀಕನ ಬೆರಳು ಮೊಣಕಾಲಿನ ಮೇಲೆ ತಾವಾಗಿಯೇ ಏಳು ಎಣಿಸುತ್ತಿದ್ದವು. ಅವು ಐದರಲ್ಲಿರುವಾಗಲೇ ಹಾಡು ತಿರುಗಿ ಬಂದು ಒಂದಕ್ಕೆ ನಿಂತಿರುತ್ತಿತ್ತು. ಎರಡು ನಿಮಿಷ ನಲವತ್ತು ಸೆಕೆಂಡಿಗೆ ಎಲ್ಲ ಖಲಾಸ್.

“ಊರು ಎಲ್ಲಿ ಹೋತೋ?”

“ಮುಳಗಿದ ಊರು ಯಾರಿಗೆ ಬೇಕಂತ. ಆ ಜಾಗಾದಾಗ ಒಂದು ಹುಡುಗಿ ಈಜತಾಳ.”

“ಅಂದ್ರ ಸೂಪಾ ಎರಡನೇ ಸಲ ಮುಳಗ್ತು ಅನ್ನು. ಡ್ರಮ್ ಯಾರು ಬಾರಿಸ್ಯಾರ?”

“ಕಂಪ್ಯೂಟರ್.”

“ಗಿಟಾರ್ ಆದ್ರೂ ನಿಂದೇನು?”

ಜೋಯಲ್ ಟೈರಿನ ಕಡೆ ನೋಡಿದ. “ಮುಂಬೈದಾಂವ ಒಬ್ಬಾಂವ. ನನ್ನ ಕೈಗೆ ಸಿಂಪಲ್ ಬರಂಗಿಲ್ಲಂತ.”

“ದನಿ?”

“ದನಿ ನಂದ... ಸ್ವಲ್ಪ ಮಷೀನಿನ್ಯಾಗ ಹಾಕಿ ತೊಳದಾರ.”

ಎದೆಗೆ ಒದ್ದು ಕಳಿಸುವ ಸೀನು ಇದು. ಆದರೆ ರೋಹಿದಾಸ ಅಷ್ಟರಲ್ಲಿ ಮೂಲೆಯ ಡ್ರಮ್ ಸೆಟ್ಟಿನ ಸ್ಟೂಲಿನ ಮೇಲೆ ಕೂತು, ಕೋಲುಗಳನ್ನು ಸಿಮೆಂಟು ಬಳಿಯುವ ಕರಣಿ ಹಿಡಿದಂತೆ ಹಿಡಿದು, “ಹೆಂಗ್ರಿ ಉಸ್ತಾದ್?” ಎಂದು ಕಾಯುತ್ತಿದ್ದ. ಆ ಹಿಡಿತ ಅತೀಕನಿಗೆ ನೋಡಲಾಗಲಿಲ್ಲ. ಹೋಗಿ ಬೆರಳು ಸರಿಮಾಡಿದ. ಮಣಿಕಟ್ಟು ಸಡಿಲ ಬಿಡು, ಮೇಲೆತ್ತು, ಡ್ರಮ್ಮಿನ ಚರ್ಮ ಇನ್ನೊಂದು ಬೆರಳು ದೂರ ಇರುವಾಗ ಕೋಲು ನಿಲ್ಲಿಸು. ರೋಹಿದಾಸ ಚುರುಕು, ಹತ್ತು ನಿಮಿಷದಲ್ಲಿ ಹಿಡಿದುಬಿಟ್ಟ. ಖುಷಿಗೆ ಒಮ್ಮೆ ನಿಜವಾಗಿಯೇ ಧಡ್ ಎಂದು ಬಿಗಿದ.

“ಏ, ಸಪ್ಪಳ ಮಾಡಬ್ಯಾಡ!” ಜೋಯಲ್ ಬೆಚ್ಚಿಬಿದ್ದ. “ನಗಕೋತ ಬರೇ ಕೈ ಎತ್ತು.”

ರೋಹಿದಾಸ ನಗುತ್ತಲೇ ಕೋಲು ಇಳಿಸಿದ. “ಅಲ್ಲೋ ಜೋಯಲ್, ಡ್ರಮ್ ಕಂಪ್ಯೂಟರಿಂದು, ಗಿಟಾರ್ ಮುಂಬೈದಾಂವಂದು. ಇದರಾಗ ನಿಂದೇನೈತಿ?”

ಜೋಯಲ್ ಮೊಬೈಲು ತೆರೆದು ಆಲ್ಬಮ್ಮಿನ ಮುಖಪುಟ ತೋರಿಸಿದ. ತುದಿಯಿಂದ ತುದಿಗೆ ಅವನದೇ ಮುಖ.

“ಇದು” ಎಂದ. “ಇದು ನಂದು.”

ರೋಹಿದಾಸ ಮೊಬೈಲು ಇಸಿದುಕೊಂಡು ಜೋಯಲ್‌ನ ಕೆನ್ನೆಯ ಪಕ್ಕ ಹಿಡಿದ. ಅದನ್ನು ನೋಡಿದ, ಇದನ್ನು ನೋಡಿದ.

“ನೀ ಇಷ್ಟು ಕಪ್ಪಿಲ್ಲಲ್ಲೋ” ಎಂದ. “ಮ್ಯಾಲ ಇನ್ನೊಂದು ಕೋಟ್ ಹೊಡದಾರ.”