ಬಾಣದ ಅಳಿಯ

ಕೆರೆನೀರಲ್ಲಿ ಕೊಳೆಹಾಕಿದ ಕತ್ತಾಳೆಯನ್ನು ಅಪ್ಪ ಕಲ್ಲಿನ ಮೇಲೆ ಬಡಿದು, ತೊಳೆದು, ನಾರನ್ನು ಬಿಸಿಲಿಗೆ ಹರವಿದಾಗ ಏಳುತ್ತಿದ್ದ ವಾಸನೆ ಅದು. ಅರ್ಧ ಕೆಸರಿನದು, ಅರ್ಧ ಒಣಹುಲ್ಲಿನದು. ಕೆಂಗೇರಿಯಾಚೆಯ ಹೊಲದ ಬದುಗಳೆಲ್ಲ ಸೈಟುಗಳಾದ ಮೇಲೆ ಹನುಮಕ್ಕ ಅದನ್ನು ಮರೆತೇಬಿಟ್ಟಿದ್ದರು. ಈಗ ಚಂದ್ರಾ ಲೇಔಟಿನ ಮನೆಯ ಹಾಲ್‌ನಲ್ಲಿ, ಜರ್ಮನಿಯಿಂದ ಮಗಳ ಜೊತೆ ಬಂದಿಳಿದ ಅಳಿಯ ಡೀಟರ್ ಪೆಟ್ಟಿಗೆಯಿಂದ ದುಂಡನೆಯ ಡಾರ್ಟ್ಸ್ ಹಲಗೆಯನ್ನು ಎತ್ತಿದ ಕೂಡಲೇ ಅದೇ ವಾಸನೆ ಮೂಗಿಗೆ ಬಡಿಯಿತು. ಹತ್ತಿರ ಹೋಗಿ ಮುಟ್ಟಿ ನೋಡಿದರು.

"ಇದು ಹಗ್ಗ ಹೊಸಿಯೋ ನಾರಲ್ವೇನೇ ಲತಾ?"

ಲತಾ ಗಂಡನನ್ನು ಕೇಳಿ, ಹೌದಂತೆ ಎಂದಳು.

ಡೀಟರನ ಸಂಪಾದನೆಯೆಲ್ಲ ಅಂಥ ಹಲಗೆಯಿಂದಲೇ. ಮೊದಲು ಅವನು ತನ್ನೂರಲ್ಲಿ ಮನೆಗಳ ಮಾಡಿಗೆ ಹೆಂಚು ಹೊದಿಸುತ್ತಿದ್ದವನು. ಸಂಜೆ ಹೊತ್ತು ಬಾರಿನಲ್ಲಿ ಹಲಗೆಗೆ ಗುರಿಯಿಟ್ಟು ಪುಟ್ಟ ಬಾಣ ಎಸೆದು ಕಲಿತ ಆಟ ಅವನನ್ನು ಲಂಡನ್ನಿನ ದೊಡ್ಡ ವೇದಿಕೆಯವರೆಗೆ ಕರೆದೊಯ್ದಿತ್ತು. ಅಲ್ಲಿ ಹೆಸರುವಾಸಿ ಆಟಗಾರನೊಬ್ಬನನ್ನು ಅವನು ಸೋಲಿಸಿದ್ದನ್ನು ಬೀದಿಯವರೆಲ್ಲ ಲತಾಳ ತಮ್ಮ ಗಿರಿರಾಜನ ಫೋನಿನಲ್ಲಿ ನೋಡಿದ್ದರು. ಅಂದಿನಿಂದ ಅವರಿಗೆಲ್ಲ ಅವನು ಬಾಣದ ಅಳಿಯ. ಆದರೆ ಈ ವರ್ಷ ಮೇಲಿಂದ ಮೇಲೆ ಸೋತು, ವೃತ್ತಿ ಪಂದ್ಯಗಳಲ್ಲಿ ಆಡುವ ಕಾರ್ಡು ಕಳೆದುಕೊಂಡಿದ್ದ. ಜನವರಿಯ ಅರ್ಹತಾ ಪಂದ್ಯಗಳಲ್ಲಿ ಗೆದ್ದರೆ ಕಾರ್ಡು ಮತ್ತೆ ಸಿಗುತ್ತದೆ, ಇಲ್ಲದಿದ್ದರೆ ಮತ್ತೆ ಹೆಂಚು. ಲತಾ ಹೇಳಿದ್ದು ಇಷ್ಟು. ಅವಳು ಹೇಳದೆ ಉಳಿಸಿದ್ದನ್ನು ಹನುಮಕ್ಕ ಹಪ್ಪಳ ಒಣಹಾಕಲು ಟೆರೇಸಿಗೆ ಹೋದಾಗ ತಾವೇ ಕಂಡಿದ್ದರು. ಮೇಲಿನ ಕೋಣೆಯಲ್ಲಿ ಅಳಿಯ ಕೈಯೆತ್ತಿ, ಗುರಿ ಹಿಡಿದು, ನಿಂತೇ ಇದ್ದ. ಬಾಣ ನಾಟುವ ಸದ್ದು ಬರಲೇ ಇಲ್ಲ. ಹನುಮಕ್ಕ ಹಪ್ಪಳದ ಮೊರ ಹಿಡಿದುಕೊಂಡು ಚಪ್ಪಲಿ ಸದ್ದಾಗದ ಹಾಗೆ ಕೆಳಗಿಳಿದಿದ್ದರು.

ಭಾನುವಾರ ಗಿರಿರಾಜ ಗೆಳೆಯರನ್ನು ಕರೆತಂದ. ಭಾವ ಆಡುವುದನ್ನು ವಿಡಿಯೋ ಮಾಡಿ ಬಡಾವಣೆಯ ಹುಡುಗರಿಗೆಲ್ಲ ಕಳಿಸಬೇಕು ಅನ್ನುವ ಆಸೆ ಅವನದು. ಹಲಗೆಯನ್ನು ಕೆಳಗೆ ತಂದು ಪೋರ್ಟಿಕೋದ ಮೊಳೆಗೆ ನೇತುಹಾಕಿದರು. ಡೀಟರ್ ಹೆಂಡತಿಯ ಕಡೆ ನೋಡಿದ. ಅವಳು ಏನಾದರೂ ಹೇಳುವಷ್ಟರಲ್ಲಿ ಗಿರಿರಾಜ ಫೋನು ಎತ್ತಿ ಹಿಡಿದಾಗಿತ್ತು.

ಡೀಟರ್ ದೂರ ಅಳೆದು ನಿಂತ. ಕೈ ಹಿಂದಕ್ಕೆ ಬಂತು, ಮುಂದಕ್ಕೆ ಹೋಯಿತು, ಬಾಣ ಬೆರಳಲ್ಲೇ ಉಳಿಯಿತು. ಇನ್ನೊಮ್ಮೆಯೂ ಹಾಗೇ. ಮತ್ತೊಮ್ಮೆಯೂ.

"ಏನ್ ಭಾವ, ಸರ್ವರ್ ಡೌನಾ?" ಎಂದ ಗೆಳೆಯರಲ್ಲೊಬ್ಬ.

"ಸುಮ್ನಿರೋ ಮಗಾ, ಬಿಲ್ಡಪ್ ಕೊಡ್ತಾ ಇದಾರೆ," ಎಂದ ಗಿರಿರಾಜ. ಎಲ್ಲರೂ ನಕ್ಕರು.

ಬಾಗಿಲಲ್ಲಿ ನಿಂತಿದ್ದ ಹನುಮಕ್ಕನಿಗೆ, ಆ ಡಿಸೆಂಬರಿನ ಚಳಿಯಲ್ಲೂ ಅಳಿಯನ ಕತ್ತಿನ ಹಿಂದೆ ಬೆವರಿಳಿಯುವುದು ಕಂಡಿತು.

"ಬನ್ನಿ, ಊಟಕ್ಕಾಯ್ತು," ಎಂದರು.

ಇಷ್ಟು ಬೇಗ ಯಾವ ಊಟ ಎಂದು ಗಿರಿರಾಜ ಗೊಣಗಿದ. ಆರಿಹೋಗುತ್ತೆ, ಮೊದಲು ಕೈ ತೊಳೆದುಕೊಳ್ಳಿ ಎಂದು ಹೇಳಿ ಹನುಮಕ್ಕ ಒಳಗೆ ನಡೆದರು. ನಿಜಕ್ಕೂ ಒಳಗೆ ಆರುವಂಥದ್ದು ಏನೂ ಇರಲಿಲ್ಲ. ಮುದ್ದೆಗೆ ಎಸರೂ ಇಟ್ಟಿರಲಿಲ್ಲ, ಅವರೆಕಾಳು ಇನ್ನೂ ಕುದಿಯುತ್ತಿತ್ತು. ಆಗಿದ್ದದ್ದು ಅನ್ನವೊಂದೇ, ಜೊತೆಗೆ ನಿನ್ನೆಯ ಸಾರು. ಹಿಂದೆಯೇ ಬಂದ ಲತಾ ಒಲೆ ನೋಡಿದಳು, ಅಮ್ಮನ ಮುಖ ನೋಡಿದಳು, ತುಪ್ಪದ ಡಬ್ಬಿ ತೆಗೆದುಕೊಟ್ಟಳು. ತಟ್ಟೆ ಹಾಕಿದರೆ ಬರಿದಾಗಿ ಕಾಣುತ್ತದೆಂದು ಹನುಮಕ್ಕ ದೊಡ್ಡ ಬೇಸನ್ನಿನಲ್ಲಿ ಅನ್ನಕ್ಕೆ ಬಿಸಿ ಮಾಡಿದ ಸಾರು ಸುರಿದು ಕಲಸಿ, ಎಲ್ಲರನ್ನೂ ಸುತ್ತ ಕೂರಿಸಿಕೊಂಡು ಕೈತುತ್ತು ಹಾಕತೊಡಗಿದರು.

ಹುಡುಗರಿಗೆ ಖುಷಿಯೋ ಖುಷಿ. ತಮ್ಮಜ್ಜಿ ಹೋದ ಮೇಲೆ ಕೈತುತ್ತು ತಿಂದೇ ಇರಲಿಲ್ಲ ಎಂದು ಸರ್ವರ್ ಡೌನಿನವನು ಹೇಳಿಕೊಂಡ. ಬಂದಾಗಿನಿಂದ ಚಮಚದಲ್ಲೇ ಉಣ್ಣುತ್ತಿದ್ದ ಡೀಟರ್ ಕೊನೆಗೆ ಬಂದು ಕೂತ. ಪಕ್ಕದವರು ಹೇಗೆ ಅಂಗೈ ಒಡ್ಡುತ್ತಾರೆಂದು ನೋಡಿ ತಾನೂ ಒಡ್ಡಿದ.

"ಊಟ ಆದ್ಮೇಲೆ ಇನ್ನೊಂದ್ಸಲ ಟ್ರೈ ಮಾಡೋಣ ಭಾವ," ಎಂದ ಗಿರಿರಾಜ.

ಡೀಟರ್ ಬಾಯಲ್ಲಿದ್ದದ್ದನ್ನು ನುಂಗಿದ. "ಗಿರಿ, ಬೆರಳು ಬಿಚ್ಚಲ್ಲ," ಎಂದ, ತನಗೆ ಬರುವಷ್ಟು ಕನ್ನಡದಲ್ಲಿ. "ಎಸಿಬೇಕು. ಬಿಚ್ಚಲ್ಲ."

ಉಳಿದದ್ದನ್ನು ಲತಾ ತಲೆ ತಗ್ಗಿಸಿಕೊಂಡು ಹೇಳಿದಳು. ಏಟಾಗಿಲ್ಲ, ನೋವೂ ಇಲ್ಲ, ಡಾಕ್ಟರಿಗೂ ಏನೂ ಕಾಣಲಿಲ್ಲ. ಈ ಆಟದವರಿಗೆ ಒಮ್ಮೊಮ್ಮೆ ಹೀಗಾಗುತ್ತದಂತೆ. ಕೆಲವರಿಗೆ ಸರಿಹೋಗುತ್ತದೆ, ಕೆಲವರಿಗೆ ಇಲ್ಲ. ಅವನು ಇದನ್ನು ಹೊರಗಿನವರ ಮುಂದೆ ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು.

ಗಿರಿರಾಜ ಫೋನನ್ನು ದೂರಕ್ಕೆ ಸರಿಸಿಟ್ಟು, ಮೆಲ್ಲಗೆ ಕೇಳಿದ.

"ಜನವರಿಗೆ ಹೋಗ್ತೀರಾ ಭಾವ?"

"ಹೋಗ್ತೀನಿ," ಎಂದ ಡೀಟರ್. ಸರಿಯಾದ ಕನ್ನಡ ಮಾತಿಗಾಗಿ ಹುಡುಕಿದ. "ಬಿಚ್ಚದೆ ಇದ್ರೂ, ಹೋಗ್ತೀನಿ."

ಹನುಮಕ್ಕ ತುಪ್ಪ ಹಾಕಿ ಮುಂದಿನ ತುತ್ತು ಕಟ್ಟಿದರು. ಸರದಿ ಗಿರಿರಾಜನದು. ಅವನು ಒಡ್ಡಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡು ಭಾವನ ಕಡೆ ಕಣ್ಣು ತೋರಿಸಿದ. ಹನುಮಕ್ಕ ಆ ತುತ್ತನ್ನು ಡೀಟರನ ಅಂಗೈಯಲ್ಲಿಟ್ಟರು.