ಕಾಗದನಗರದ ವೀರಮ್ಮ

“ನಾನು ಕಾಗದನಗರದ ವೀರಮ್ಮ” ಎಂದು ಆ ಹೆಂಗಸು ಕೈಮುಗಿದಾಗ ಯಜ್ಞನಾರಾಯಣರು ತಬ್ಬಿಬ್ಬಾದರು. ಅಂಥವರೊಬ್ಬರು ಇರಲು ಸಾಧ್ಯವೇ ಇರಲಿಲ್ಲ. ಇಪ್ಪತ್ತಾರು ವರ್ಷಗಳ ಹಿಂದೆ, ಬಾನುಲಿ ಕೇಂದ್ರದ ಕ್ಯಾಂಟೀನಿನಲ್ಲಿ ಕೂತು, ಆ ಹೆಸರನ್ನು ಅವರೇ ಹುಟ್ಟಿಸಿದ್ದರು.

ಗಾಂಧಿ ಬಜಾರಿನ ಪೂಜಾ ಸಾಮಾನಿನ ಅಂಗಡಿಯಲ್ಲಿ ಅವರು ಕರ್ಪೂರ ಕೇಳಿದ್ದಷ್ಟೇ. ಪಕ್ಕದಲ್ಲಿ ಹತ್ತಿಯ ಬತ್ತಿ ಆಯ್ದುಕೊಳ್ಳುತ್ತಿದ್ದ ಈ ಹೆಂಗಸು ದನಿ ಕೇಳಿಯೇ ತಿರುಗಿ, “ಗುರುವಾರದ ಕಾವ್ಯವಾಚನದವರಲ್ವಾ ನೀವು?” ಎಂದು ಕೇಳಿ, ಉತ್ತರಕ್ಕೂ ಕಾಯದೆ ತನ್ನ ಹೆಸರು ಹೇಳಿದ್ದಳು.

ಆ ದಿನಗಳಲ್ಲಿ ಅವರು ನಡೆಸುತ್ತಿದ್ದ ಆ ಕಾರ್ಯಕ್ರಮಕ್ಕೆ ಕೇಳುಗರಿಂದ ಒಂದು ಪತ್ರವೂ ಬರುತ್ತಿಲ್ಲ, ಮುಂದಿನ ತಿಂಗಳಿಂದ ಆ ಹದಿನೈದು ನಿಮಿಷ ಚಿತ್ರಗೀತೆಗೆ ಇರಲಿ ಎಂದು ಮೇಲಧಿಕಾರಿ ಹೇಳಿದ್ದರು. ಅಪ್ಪ ಹಾಡಿ ಹೇಳುತ್ತಿದ್ದ ಪದ್ಯಗಳನ್ನು ಕೇಳಿಯೇ ಬೆಳೆದ ಯಜ್ಞನಾರಾಯಣರಿಗೆ ಅಂದು ಊಟ ಸೇರಲಿಲ್ಲ. ಸಂಜೆ ಒಂದು ಕಾರ್ಡು ಬರೆದು ಅಂಚೆಗೆ ಹಾಕಿದರು: ದಯವಿಟ್ಟು ನಿಲ್ಲಿಸಬೇಡಿ, ಇಂತಿ ವೀರಮ್ಮ, ಕಾಗದನಗರ, ಭದ್ರಾವತಿ. ಪೇಪರ್ ಮಿಲ್ಲಿನ ಅಷ್ಟೊಂದು ಮನೆಗಳಲ್ಲಿ ಯಾರು ಹುಡುಕಿಕೊಂಡು ಹೋಗುತ್ತಾರೆ ಎಂಬ ಧೈರ್ಯ. ಕಾರ್ಯಕ್ರಮ ಉಳಿಯಿತು. ಆಮೇಲೆ ಎರಡು ವರ್ಷ ತಿಂಗಳಿಗೊಂದು ಕಾರ್ಡು. ಸ್ಟುಡಿಯೋದಲ್ಲಿ ಕೆಂಪು ದೀಪ ಹೊತ್ತಿದ ಮೇಲೆ, ತಾವೇ ಬರೆದದ್ದನ್ನು “ಸೋದರಿ ವೀರಮ್ಮನವರು ಹೀಗೆ ಬರೆಯುತ್ತಾರೆ” ಎಂದು ಓದುವಾಗ ಪ್ರತಿ ಸಲವೂ ಒಂದೆರಡು ಪದ ತೊದಲುತ್ತಿದ್ದರು.

“ನನಗೆ ಓದು ಬರಹ ಇಲ್ಲ ಸಾರ್” ಎಂದಳು ವೀರಮ್ಮ. “ಒಂದಿನ ರೊಟ್ಟಿ ಬೇಯಿಸ್ತಾ ಇದೀನಿ, ರೇಡಿಯೋದಲ್ಲಿ ನನ್ನ ಹೆಸರು! ಕೈ ಹಂಚಿಗೇ ಇಟ್ಕೊಂಡೆ. ಇವರನ್ನ ಕೇಳಿದ್ರೆ, ‘ನಾನೇ ಬರೆದು ಹಾಕಿದ್ದು’ ಅಂದ್ರು. ನನ್ನ ಹೆಸರು ಹೇಳಿದ ಮೇಲೆ ನಾನು ರೇಡಿಯೋ ಹಾಕದೆ ಇರೋಕಾಗುತ್ತಾ? ಕೇಳ್ತಾ ಕೇಳ್ತಾ ಪದ್ಯಗಳೆಲ್ಲ ಬಾಯಿಗೆ ಬಂದ್ವು. ಈಗ ಸೋಮವಾರ ಬಸವಣ್ಣನ ಗುಡೀಲಿ ನಾನೇ ಹೇಳ್ತೀನಿ, ಉಳಿದೋರು ಕೇಳ್ತಾರೆ.”

ಇವರು ಎಂದರೆ ಅವಳ ಹಿಂದೆ ಕೈಚೀಲ ಹಿಡಿದು ನಿಂತಿದ್ದ ಗಂಡ ಪುಟ್ಟಯ್ಯ. ಆತ ಊದುಬತ್ತಿಯ ಪೊಟ್ಟಣವೊಂದನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದ. ತಲೆ ಎತ್ತಲಿಲ್ಲ.

“ನಿಮ್ಮ ಒಂದೊಂದು ಪತ್ರವೂ ನನಗೆ ನೆನಪಿದೆ ತಾಯಿ” ಎಂದರು ಯಜ್ಞನಾರಾಯಣರು. ಅದಂತೂ ಸುಳ್ಳಲ್ಲ.

ವೀರಮ್ಮ ಪೂಜೆಯ ಗಂಟೆ ಆಯ್ದುಕೊಳ್ಳಲು ಅಂಗಡಿಯ ಒಳಗೆ ಹೋದದ್ದೇ ತಡ, ಪುಟ್ಟಯ್ಯ ಯಜ್ಞನಾರಾಯಣರ ತೋಳು ಹಿಡಿದು ಮೆಟ್ಟಿಲ ಬಳಿ ಕರೆದುಕೊಂಡು ಬಂದ.

“ಸಾರ್, ಆ ಅಕ್ಷರ ಯಾರದು?”

“ಯಾವ ಅಕ್ಷರ?”

“ಆ ಕಾರ್ಡಿನದು. ನಾನು ಬರೆದಿಲ್ಲ. ನನ್ನ ಹೆಂಡತಿ ಹೆಸರಲ್ಲಿ ಇನ್ಯಾವನೋ ಬರೀತಾನೆ ಅಂದ್ರೆ ನಾನೇನು ಮಾಡ್ಲಿ ಹೇಳಿ? ನಾನೇ ಅಂದ್ಬಿಟ್ಟೆ. ತಿಂಗಳು ತಿಂಗಳೂ ಅದನ್ನೇ ಹೇಳೋದಾಯ್ತು.” ದನಿ ಇನ್ನೂ ತಗ್ಗಿತು. “ವಿಶ್ವಾರಾಧ್ಯನದಲ್ವಾ? ಮಿಲ್ಲಿನ ಆಫೀಸಲ್ಲಿದ್ದ. ನಮ್ಮ ಲೈನಲ್ಲಿ ಕಾವ್ಯ ಗೀವ್ಯ ಗೊತ್ತಿದ್ದವನು ಅವನೊಬ್ಬನೇ. ನಮ್ಮಿಂದ ಎರಡನೇ ಮನೆ. ಒಂದೇ ಟಿಫಿನ್ ಕ್ಯಾರಿಯರಲ್ಲಿ ಉಂಡವರು ಸಾರ್ ನಾವು. ಅವತ್ತು ಬಿಟ್ಟ ಮಾತು, ಮಗಳ ಮದುವೆಗೂ ಕರೀಲಿಲ್ಲ.”

ಯಜ್ಞನಾರಾಯಣರು ಪುಟ್ಟಯ್ಯನ ಪಕ್ಕಕ್ಕೆ ಸರಿದು ದನಿ ತಗ್ಗಿಸಿದರು.

“ನನ್ನದು, ಸ್ವಾಮಿ. ಆ ಅಕ್ಷರ ನನ್ನದು. ಕಾರ್ಯಕ್ರಮ ನಿಲ್ಲಿಸ್ತಾರೆ ಅಂತ ಹೆದರಿ, ಇಲ್ಲದ ಹೆಸರು ಅಂದ್ಕೊಂಡು ಬರೆದೆ. ಸಾಹೇಬರಿಗೆ ಗುರುತು ಸಿಗಬಾರದು ಅಂತ ಎಡಗೈಲಿ ಬರೀತಿದ್ದೆ. ನಿಮ್ಮ ಮನೆಯವರು ಇದ್ದಾರೆ ಅಂತಲೇ ನನಗೆ ಗೊತ್ತಿರಲಿಲ್ಲ.”

ಅವರ ಮುಖವನ್ನೇ ನೋಡಿದ ಪುಟ್ಟಯ್ಯ. “ಕರ್ಪೂರ ಮುಟ್ಟಿ ಹೇಳಿ.”

ಯಜ್ಞನಾರಾಯಣರು ಆಗ ತಾನೇ ಕೊಂಡ ಪೊಟ್ಟಣದ ಮೇಲೆ ಅಂಗೈ ಇಟ್ಟರು. “ನಾನೇ ಬರೆದದ್ದು.”

ಬೈಗುಳಕ್ಕೆ ಸಿದ್ಧರಾಗಿ ನಿಂತವರಿಗೆ ಕೇಳಿಸಿದ್ದು ನಗು. ಪುಟ್ಟಯ್ಯ ಮೆಟ್ಟಿಲ ಮೇಲೆಯೇ ಕೂತು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. “ಅಯ್ಯೋ ಮಾರಾಯ್ರೇ, ಎಂಥಾ ಕೆಲಸ ಮಾಡಿದ್ರಿ!” ನಗು ಇಳಿದ ಮೇಲೆ ಗಾಬರಿಯಿಂದ ಒಳಗೆ ನೋಡಿದ. “ಅವಳಿಗೆ ಮಾತ್ರ ಹೇಳ್ಬೇಡಿ ಸಾರ್. ಆಯ್ತಾ? ನಾನೇ ಬರೆದದ್ದು.”

“ನೀವೇ ಬರೆದದ್ದು” ಎಂದರು ಯಜ್ಞನಾರಾಯಣರು. ಆ ಎರಡು ವರ್ಷ ಮೈಕಿನ ಮುಂದೆ ತೊದಲುತ್ತಿದ್ದವರು ಈಗ ತೊದಲಲಿಲ್ಲ.

ವೀರಮ್ಮ ಗಂಟೆ ಕೊಂಡು ಬಂದಳು. ಭದ್ರಾವತಿ ಬಸ್ಸಿಗೆ ಹೊತ್ತಾಗುತ್ತದೆಂದು ಅವಸರಪಡಿಸಿದಳು. ಆದರೆ ಪುಟ್ಟಯ್ಯ ಆಗಲೇ ಎದುರಿನ ಮಿಠಾಯಿ ಅಂಗಡಿಯಲ್ಲಿದ್ದ.

“ಅರ್ಧ ಕೇಜಿ ಯಾರಿಗೆ ಅಷ್ಟೊಂದು?” ಪೊಟ್ಟಣ ಹಿಡಿದು ಬಂದವನ ಜೊತೆ ಬೀದಿ ದಾಟುತ್ತಾ ಕೇಳಿದಳು.

“ವಿಶ್ವಾರಾಧ್ಯನಿಗೆ.”

ವೀರಮ್ಮ ಬೀದಿಯ ನಡುವೆಯೇ ನಿಂತುಬಿಟ್ಟಳು. ಹಿಂದಿದ್ದ ಆಟೋದವನು ಹಾರ್ನ್ ಹೊಡೆದರೂ ಕದಲಲಿಲ್ಲ. “ಅವರ ಮನೆಗಾ? ಎದುರಿಗೆ ಬಂದ್ರೆ ಮುಖ ತಿರುಗಿಸ್ತಿದ್ರಲ್ರೀ! ಅವರೇನು ಮಾಡಿದ್ರು ಅಂತ ಎಷ್ಟು ಸಲ ಕೇಳಿದೀನಿ. ಒಂದು ಸಲನಾದ್ರೂ ಬಾಯಿಬಿಟ್ಟು ಹೇಳಿದ್ರಾ?”

“ಏನಂತ ಹೇಳ್ಲಿ ಮಾರಾಯ್ತಿ” ಎಂದ ಪುಟ್ಟಯ್ಯ, ಪೊಟ್ಟಣವನ್ನು ಎದೆಗವಚಿಕೊಂಡು. “ಅವನು ಏನೂ ಮಾಡಿರಲಿಲ್ಲವಲ್ಲ.”