ಜಪಾನಿ ಕಾರಿನ ಟಿಕ್ ಟಿಕ್

ಮಾಡಿದ್ದುಣ್ಣೋ ಮೆಕ್ಯಾನಿಕ್ಕೇ! ಬೆನ್ನಿಗಂಟಿದ ಗ್ರೀಸಿನಾಣೆ, ಇದು ನಡೆದ ಕಥೆ.

ಗೆಳೆಯ ಸುಧನ್ವನ ಹಳೇ ಜಪಾನಿ ಸ್ಪೋರ್ಟ್ಸ್ ಕಾರಿನಲ್ಲಿ ಕೂತಾಗಲೆಲ್ಲ ನಾನು ತುಟಿ ಬಿಚ್ಚದೆ ನಾಲಿಗೆಯಲ್ಲೇ ‘ಟಿಕ್ ಟಿಕ್’ ಎನ್ನುತ್ತಿದ್ದೆ. ಮಿಮಿಕ್ರಿಯ ಚಟ. ಶಬ್ದದ ಮೂಲ ಹುಡುಕಲು ಅವನು ಪ್ರತಿ ಭಾನುವಾರ ಕಾರು ಬಿಚ್ಚುತ್ತಿದ್ದ. ಕಾರಿನಡಿ ಮಲಗಿ ಸ್ಪ್ಯಾನರ್ ತಿರುಗಿಸುವವನು ನಾನೇ. ಹೊಸ ಸೈಲೆನ್ಸರ್ ಬಂತು, ಹೊಸ ಬ್ರೇಕು ಬಂತು. ಇವತ್ತು ಗೇರ್‌ಬಾಕ್ಸ್ ಇಳಿದು ನನ್ನ ಎದೆಯ ಮೇಲೇ ಕೂತಿತು.

“ಲೋ, ಎತ್ತೋ! ಆ ಶಬ್ದ ನಂದೇ ಕಣೋ, ಬಾಯಲ್ಲಿ ಮಾಡ್ತಿದ್ದೆ!”

“ಗೊತ್ತು ಬಿಡೋ. ಮೊದಲನೇ ದಿನ ನೀನು ಸೀನಿದಾಗ್ಲೇ ಟಿಕ್ ಟಿಕ್ ನಿಂತಿತ್ತು.”

“ಮತ್ಯಾಕೋ ಬಿಚ್ಚಿದೆ?”

“ಕಾರು ಮಾಡಿಫೈ ಮಾಡ್ಬೇಕಿತ್ತು. ಪುಕ್ಕಟೆ ಅಸಿಸ್ಟೆಂಟು ಇನ್ನೆಲ್ಲಿ ಸಿಗ್ತಾನೆ?”

ಎದೆಯ ಮೇಲಿನ ಗೇರ್‌ಬಾಕ್ಸ್ ಕುಣಿಯುವಷ್ಟು ಜೋರಾಗಿ ನಕ್ಕವನು ನಾನೇ.